ಚೆಲ್ಲಿದ ರಕ್ತದ್ರವದಲ್ಲಿ ದೊರೆತ ಸಾಕ್ಷ್ಯ: ಡೆನ್ನಿಸ್ ಲೋ ಅವರ ಸಂಶೋಧನೆ

ವರ್ಷಗಟ್ಟಲೆ ಅರಸಿದ ದಾಖಲೆಯು ಕಪಾಟಿನಲ್ಲಿ ದೊರೆಯದೆ, ರದ್ದಿಯೆಂದು ಕಟ್ಟಿಟ್ಟ ಗಂಟಿನಲ್ಲಿ ದೊರೆಯುವ ಅನುಭವ ಹಳೆಯ ಕಡತಗಳಲ್ಲಿ ಕೈಯಾಡಿಸಿದವರಿಗೆ ಹೊಸದಲ್ಲ. ವಿಜ್ಞಾನದ ಚರಿತ್ರೆಯಲ್ಲಿಯೂ ಅಂಥದೊಂದು ಪ್ರಸಂಗ ನಡೆದಿದೆ. ಹಾಂಗ್‌ಕಾಂಗ್‌ನ ವೈದ್ಯವಿಜ್ಞಾನಿ ಡೆನ್ನಿಸ್ ಲೋ ಅವರು ಗರ್ಭಿಣಿಯ ರಕ್ತದಲ್ಲಿ ಶಿಶುವಿನ ಡಿ.ಎನ್.ಎ. ಯನ್ನು ಕಂಡುಕೊಂಡ ಬಗೆಯನ್ನು ನಮ್ಮ ಅಳವಿಗೆ ಎಟುಕಿದಷ್ಟು ಇಲ್ಲಿ ವಿವರಿಸಲೆಳಸುತ್ತೇವೆ. ನಾವು ಪ್ರಯೋಗಶಾಲೆಯವರಲ್ಲ; ಆದರೆ ಸಾಕ್ಷ್ಯದ ಪ್ರಶ್ನೆ ನಮ್ಮದೂ ಹೌದಷ್ಟೆ.

1963ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಜನಿಸಿದ ಲೋ ಅವರು ಕೇಂಬ್ರಿಜ್ ಮತ್ತು ಆಕ್ಸ್‌ಫರ್ಡ್‌ಗಳಲ್ಲಿ ವೈದ್ಯಶಾಸ್ತ್ರವನ್ನು ವ್ಯಾಸಂಗ ಮಾಡಿದರು. ಆಗ ಗರ್ಭಸ್ಥ ಶಿಶುವಿನ ವರ್ಣತಂತುಗಳನ್ನು ಪರೀಕ್ಷಿಸಬೇಕಾದರೆ ತಾಯಿಯ ಹೊಟ್ಟೆಗೆ ಸೂಜಿ ಚುಚ್ಚಿ ಗರ್ಭಜಲವನ್ನು ತೆಗೆಯುವುದು ರೂಢಿಯಾಗಿತ್ತು. ಇದರಿಂದ, ಅಪರೂಪಕ್ಕಾದರೂ, ಗರ್ಭಪಾತವಾಗುವ ಭಯವಿತ್ತು. ತಾಯಿಯ ತೋಳಿನಿಂದ ತೆಗೆದ ರಕ್ತದಲ್ಲಿಯೇ ಶಿಶುವಿನ ಅಂಶ ದೊರೆಯಬಾರದೇಕೆ ಎಂಬುದು ಲೋ ಅವರ ಪ್ರಶ್ನೆ. ಶಿಶುವಿನ ಜೀವಕೋಶಗಳು ಕೆಲವು ತಾಯಿಯ ರಕ್ತಕ್ಕೆ ನುಸುಳುವುದು ತಿಳಿದಿತ್ತು. ಡಿ.ಎನ್.ಎ. ಯ ತುಣುಕೊಂದನ್ನು ಲಕ್ಷಗಟ್ಟಲೆ ಪ್ರತಿಗಳಾಗಿ ಹೆಚ್ಚಿಸುವ ಪಿ.ಸಿ.ಆರ್. ವಿಧಾನವೂ ಆ ವೇಳೆಗೆ ಕೈಗೆ ಬಂದಿತ್ತು. 1989ರಲ್ಲಿ ಹುಡುಕಾಟ ಆರಂಭವಾಯಿತು. ಗುರುತಿಗಾಗಿ ಅವರು ಆರಿಸಿಕೊಂಡದ್ದು ವೈ ವರ್ಣತಂತುವನ್ನು. ಅದು ತಾಯಿಯಲ್ಲಿಲ್ಲ, ಆಕೆಯ ರಕ್ತದಲ್ಲಿ ಕಂಡುಬಂದರೆ ಗಂಡು ಶಿಶುವಿನದೇ ಆಗಿರಬೇಕು. ತರ್ಕ ನಿರ್ದುಷ್ಟವಾಗಿದ್ದರೂ ಕೋಶಗಳು ಅತಿ ವಿರಳ. ಎಂಟು ವರ್ಷಗಳ ದುಡಿಮೆಯಿಂದ ಆಸ್ಪತ್ರೆಯಲ್ಲಿ ನೆಚ್ಚಬಹುದಾದ ಪರೀಕ್ಷೆಯೊಂದು ಹುಟ್ಟಲಿಲ್ಲ.

ಇಲ್ಲಿ ಓದುಗರು ಗಮನಿಸಬೇಕಾದ ಸಂಗತಿಯೊಂದಿದೆ. ಕೋಶಗಳನ್ನು ಪಡೆಯಲು ರಕ್ತವನ್ನು ಯಂತ್ರದಲ್ಲಿ ಗಿರ್ರನೆ ತಿರುಗಿಸುತ್ತಾರೆ. ಕೋಶಗಳು ತಳ ಸೇರಿ, ಮೇಲೆ ತಿಳಿಹಳದಿಯ ರಕ್ತದ್ರವ ನಿಲ್ಲುತ್ತದೆ. ಕೋಶಗಳನ್ನೇ ಅರಸುವವರಿಗೆ ಆ ದ್ರವದಿಂದ ಪ್ರಯೋಜನವಿಲ್ಲ. ಅದನ್ನು ಚೆಲ್ಲುವುದು ವಾಡಿಕೆ. ಕ್ಯಾನ್ಸರ್ ರೋಗಿಗಳ ರಕ್ತದ್ರವದಲ್ಲಿ ಗಡ್ಡೆಯ ಡಿ.ಎನ್.ಎ. ತೇಲುತ್ತಿರುವುದನ್ನು 1996ರಲ್ಲಿ ಪ್ರಕಟವಾದ ಎರಡು ಪ್ರಬಂಧಗಳು ತಿಳಿಸಿದವು. ಗಡ್ಡೆಯೇ ಇಷ್ಟು ಚೆಲ್ಲುವುದಾದರೆ ಅದಕ್ಕಿಂತ ಎಷ್ಟೋ ದೊಡ್ಡದಾಗಿ ಬೆಳೆಯುವ ಶಿಶು ಚೆಲ್ಲದಿದ್ದೀತೆ ಎಂದು ಲೋ ಆಲೋಚಿಸಿದರು. 1997ರಲ್ಲಿ, ತಾಯ್ನಾಡಿಗೆ ಮರಳಿದ ವರ್ಷವೇ, ಅವರೂ ಸಹೋದ್ಯೋಗಿಗಳೂ ಫಲಿತಾಂಶವನ್ನು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಕುದಿಸಿದ ರಕ್ತದ್ರವದ ಕೇವಲ 10 ಮೈಕ್ರೊಲೀಟರ್ ಸಾಕಾಯಿತು! ಗಂಡು ಶಿಶುವನ್ನು ಹೊತ್ತ 30 ಮಂದಿ ಗರ್ಭಿಣಿಯರಲ್ಲಿ 24 ಮಂದಿಯ ರಕ್ತದ್ರವದಲ್ಲಿ ವೈ ಅಂಶ ಕಂಡುಬಂತು; ಹೆಣ್ಣು ಶಿಶುವನ್ನು ಹೊತ್ತ 13 ಮಂದಿಯಲ್ಲಿ ಒಬ್ಬರಲ್ಲಿಯೂ ಇಲ್ಲ.

ಈ ತುಣುಕುಗಳು ಬಹುಮಟ್ಟಿಗೆ ಮಾಸಿನಿಂದ ಬರುವುವೆಂದೂ, ಹೆರಿಗೆಯ ಬಳಿಕ ಸುಮಾರು 16 ನಿಮಿಷಗಳಿಗೊಮ್ಮೆ ಅರ್ಧಕ್ಕಿಳಿಯುವುವೆಂದೂ ಮುಂದೆ ತಿಳಿಯಿತು. ಆದ್ದರಿಂದ ಹಿಂದಿನ ಬಸಿರಿನ ಶೇಷವು ಇಂದಿನ ಪರೀಕ್ಷೆಯನ್ನು ಕೆಡಿಸದು. ಡೌನ್ ಸಿಂಡ್ರೋಮ್ ಗುರುತಿಸುವುದು ಇದಕ್ಕಿಂತ ಕಠಿನ. ಅಲ್ಲಿ 21ನೆಯ ವರ್ಣತಂತು ಎರಡರ ಬದಲು ಮೂರಿರುತ್ತದೆ. ಆದರೆ ತಾಯಿಯಲ್ಲಿಯೂ ಅದೇ ವರ್ಣತಂತುವುಂಟು. ರಕ್ತದ್ರವದ ಡಿ.ಎನ್.ಎ. ಯಲ್ಲಿ ಶಿಶುವಿನ ಪಾಲು ನೂರಕ್ಕೆ ಹತ್ತೆಂದು ಭಾವಿಸಿದರೆ, 100 ತುಣುಕುಗಳಿರಬೇಕಾದಲ್ಲಿ 105 ಇರುತ್ತವೆ, ಅಷ್ಟೆ. ಈ ಅಲ್ಪ ಅಂತರವನ್ನು ಹಿಡಿಯಲು ಲಕ್ಷಾಂತರ ತುಣುಕುಗಳನ್ನು ಓದಿ ಎಣಿಸಬೇಕು. 2008ರಲ್ಲಿ ಲೋ ಅವರ ತಂಡವೂ ಸ್ಟ್ಯಾನ್‌ಫರ್ಡ್‌ನ ಸ್ಟೀಫನ್ ಕ್ವೇಕ್ ಅವರ ತಂಡವೂ ಬೇರೆಬೇರೆಯಾಗಿ ಇದನ್ನು ಸಾಧಿಸಿದುವು. 2011ರಿಂದ ಪರೀಕ್ಷೆ ಬಳಕೆಗೆ ಬಂತು. ಮಾಸಿನ ಮಾತನ್ನು ಶಿಶುವಿನ ಮಾತೆಂದು ತಿಳಿಯುವ ಅಪಾಯ ಇರುವುದರಿಂದ, ಶಂಕೆ ಬಂದಲ್ಲಿ ಗರ್ಭಜಲ ಪರೀಕ್ಷೆಯಿಂದ ದೃಢಪಡಿಸಿಕೊಳ್ಳುವುದು ಇಂದಿಗೂ ಅಗತ್ಯ. ಲೋ ಅವರಿಗೆ 2022ರಲ್ಲಿ ಲಾಸ್ಕರ್ ಪ್ರಶಸ್ತಿ ದೊರೆಯಿತು.

ಲೋ ಅವರಿಗೆ ವೈ ವರ್ಣತಂತುವು ಕೇವಲ ಒಂದು ಗುರುತು. ನಮ್ಮ ದೇಶದಲ್ಲಿ ಅದೇ ಗುರುತಿಗೆ ಬೇರೆ ಅರ್ಥ ಬರುತ್ತದೆ. ಆರು ವರ್ಷದವರೆಗಿನ ಮಕ್ಕಳಲ್ಲಿ ಸಾವಿರ ಗಂಡುಮಕ್ಕಳಿಗೆ 1991ರಲ್ಲಿ 945 ಹೆಣ್ಣುಮಕ್ಕಳಿದ್ದರು. 2001ರ ಜನಗಣತಿಯಲ್ಲಿ 927ಕ್ಕೆ ಇಳಿದರು. ಗರ್ಭಸ್ಥ ಶಿಶುವಿನ ಲಿಂಗಪತ್ತೆಯನ್ನು ನಿಷೇಧಿಸುವ 1994ರ ಕಾಯಿದೆ ಜಾರಿಗೆ ಬಂದದ್ದು 1996ರಲ್ಲಿ, ಅಂದರೆ ಲೋ ಅವರ ಪ್ರಬಂಧಕ್ಕೆ ಒಂದು ವರ್ಷ ಮುಂಚೆ. ಗರ್ಭಿಣಿಯ ರಕ್ತಪರೀಕ್ಷೆಯೂ ಅದರ ವ್ಯಾಖ್ಯೆಗೆ ಒಳಪಡುತ್ತದೆ. ಎಲ್ಲ ವರ್ಣತಂತುಗಳ ತುಣುಕುಗಳನ್ನೂ ಓದುವ ಯಂತ್ರದ ಮುಂದೆ ವೈ ತುಣುಕುಗಳೂ ಹಾದುಹೋಗುತ್ತವೆ. ಅವು ಇದ್ದುವೋ ಇಲ್ಲವೋ ಎಂಬುದನ್ನು ಮಾತಿನಿಂದಾಗಲಿ ಸಂಜ್ಞೆಯಿಂದಾಗಲಿ ತಾಯಿಗೂ ಆಕೆಯ ಬಂಧುಗಳಿಗೂ ತಿಳಿಸಕೂಡದೆಂಬುದು ಇಲ್ಲಿಯ ಕಾನೂನು.