ಹಲಗೆ ಇಳಿಸಲು ಇಲಾಖೆಯ ದಾರಿ ಕಾಯಬೇಡಿ

ಬೆಳುವಾಯಿಯ ರೈತ ಬಾಂಧವರೇ, ತೋಡಿಗೆ ಕಿಂಡಿ ಅಣೆಕಟ್ಟು ಕಟ್ಟಿಸಿದ್ದು ಸರಕಾರ, ನಿಜ. ಆದರೆ ವರ್ಷ ವರ್ಷ ಹಲಗೆ ಇಳಿಸಲು ಇಲಾಖೆಯಲ್ಲಿ ಜನ ಸಾಲದು, ಹಣವೂ ಸಕಾಲಕ್ಕೆ ಬಾರದು. ನಾನೂ ಸರಕಾರಿ ನೌಕರನೇ. ಇದನ್ನು ಮುಚ್ಚಿಟ್ಟು ಫಲವಿಲ್ಲ. ಜನವರಿಯವರೆಗೆ ಕಾದರೆ ಹರಿವು ಸೊರಗಿ, ಮಾರ್ಚಿಯಲ್ಲಿ ಅಡಿಕೆ ತೋಟ ಬಾಡೀತು.

ಹಿಂದೆ ಸುಗ್ಗಿ, ಕೊಳಕೆ ಬೆಳೆಗೆಂದು ಊರವರೇ ಕೂಡಿ ಮಣ್ಣಿನ ಕಟ್ಟ ಹಾಕುತ್ತಿದ್ದರಲ್ಲವೇ? ಆ ಏರ್ಪಾಡೇ ಸಾಕು. ನವೆಂಬರ್ ಕೊನೆಗೆ ಮಳೆ ನಿಂತು ಹರಿವು ತಗ್ಗಿದೊಡನೆ ಮನೆಗೊಂದಾಳು ಬನ್ನಿ. ಹಲಗೆ ಕೂರುವ ಸಂದಿನ ಕಸ, ಕಲ್ಲು ಮೊದಲು ತೆಗೆಯಿರಿ. ಎರಡು ಸಾಲು ಹಲಗೆ ಇರುವಲ್ಲಿ ನಡುವೆ ಜೇಡಿಮಣ್ಣನ್ನು ಅಡಿಯಿಂದಲೇ ತುಳಿದು ತುಂಬಿರಿ. ಮರಳುಮಣ್ಣು ಹಾಕಿದರೆ ನೀರು ನಿಲ್ಲದು.

ಮೇ ತಿಂಗಳಲ್ಲಿ, ಮುಂಗಾರಿಗೆ ಮೊದಲು, ಹಲಗೆ ತೆಗೆಯಲು ಮರೆಯಕೂಡದು. ಮರೆತರೆ ನೆರೆಯಲ್ಲಿ ಬಂದ ಮರ, ಕಸ ಸಿಕ್ಕಿಕೊಂಡು, ನೀರು ದಡ ಕೊರೆದು ತೋಟಕ್ಕೆ ನುಗ್ಗುತ್ತದೆ. ತೆಗೆದ ಮರದ ಹಲಗೆಗಳನ್ನು ತೊಳೆದು, ನೆರಳಲ್ಲಿ ಒಣಗಿಸಿ, ಗೆದ್ದಲು ಹತ್ತದಂತೆ ಕಲ್ಲಿನ ಮೇಲೆ ಜೋಡಿಸಿಡಿ. ಎಣಿಸಿ ನಂಬ್ರ ಬರೆಯಿರಿ. ಕಡಿಮೆ ಬಿದ್ದರೆ ಜೂನ್‌ನಲ್ಲೇ ಪಂಚಾಯತಿಗೆ ಅರ್ಜಿ ಕೊಡಿ. ನವೆಂಬರಿನಲ್ಲಿ ಕೊಟ್ಟ ಅರ್ಜಿಗೆ ಹಲಗೆ ಬರುವಷ್ಟರಲ್ಲಿ ಬೇಸಗೆ ಮುಗಿದಿರುತ್ತದೆ.