ಕೀಲಿಮಣೆ ಮತ್ತು ಅಕ್ಷರ: ಗಣಕದಲ್ಲಿ ಕನ್ನಡ ಬರವಣಿಗೆಯ ಏಕರೂಪತೆ

ಅಕ್ಷರವೆಂಬ ಶಬ್ದಕ್ಕೆ ಕ್ಷರವಿಲ್ಲದ್ದು, ಅಂದರೆ ನಾಶವಿಲ್ಲದ್ದು ಎಂದು ಬಲ್ಲವರು ವ್ಯುತ್ಪತ್ತಿಯನ್ನು ಹೇಳುತ್ತಾರೆ. ತಾಳೆಗರಿಯ ಮೇಲೆ ಕಂಟದಿಂದ ಕೊರೆದ ಕಕಾರವೂ ಕಾಗದದ ಮೇಲೆ ಮಸಿಯಿಂದ ಬರೆದ ಕಕಾರವೂ ಓದುವವನಿಗೆ ಒಂದೇ ಕಕಾರ. ಬರೆದವನ ಕೈ ದುಂಡಗಿದ್ದರೇನು, ಓರೆಯಾಗಿದ್ದರೇನು, ಅದು ಖಕಾರವಾಗುವುದಿಲ್ಲ. ಗಣಕಯಂತ್ರದ ವಿಷಯದಲ್ಲಿ ಮಾತ್ರ ಈ ನೆಮ್ಮದಿ ತಾನಾಗಿ ಒದಗುವುದಿಲ್ಲ. ಅದನ್ನು ಪ್ರಯತ್ನದಿಂದ ಗಳಿಸಿಕೊಳ್ಳಬೇಕು. ಅಲ್ಲಿ ಕಣ್ಣಿಗೆ ಒಂದೇ ಆಗಿ ತೋರುವ ಎರಡು ಪದಗಳು ಯಂತ್ರದ ಎಣಿಕೆಯಲ್ಲಿ ಬೇರೆಬೇರೆಯಾಗಿರಬಹುದು.

ಇದು ತಂತ್ರಜ್ಞರಿಗಷ್ಟೇ ಸೇರಿದ ವಿಚಾರವೆಂದು ಅಧ್ಯಾಪಕರು ಬದಿಗೆ ಸರಿಸುವಂತಿಲ್ಲ. ಶಾಲೆಗಳ ದಾಖಲಾತಿ ಪುಸ್ತಕ, ಹಳೆಯ ವಿದ್ಯಾರ್ಥಿಗಳ ಪಟ್ಟಿ, ದಾನಿಗಳ ನಾಮಾವಳಿ ಇವೆಲ್ಲವೂ ಇಂದು ಗಣಕಕ್ಕೆ ಏರುತ್ತಿವೆ. ಹೆಸರನ್ನು ಒಬ್ಬರು ಕಚೇರಿಯ ಗಣಕದಲ್ಲಿ, ಇನ್ನೊಬ್ಬರು ಮನೆಯ ಗಣಕದಲ್ಲಿ, ಮತ್ತೊಬ್ಬರು ಅಂಗೈಯ ಮೊಬೈಲಿನಲ್ಲಿ ತುಂಬುತ್ತಾರೆ. ನಲವತ್ತು ವರ್ಷಗಳ ಹಿಂದೆ ಓದಿ ಹೋದವರೊಬ್ಬರು ತಮ್ಮ ಹೆಸರನ್ನು ಹುಡುಕಿದಾಗ, ಅದು ಪಟ್ಟಿಯಲ್ಲಿ ಕಣ್ಣೆದುರಿಗೇ ಇದ್ದರೂ ಯಂತ್ರವು ‘ಇಲ್ಲ’ ಎಂದು ಉತ್ತರಿಸಿದರೆ, ಆ ದಾಖಲೆಯಿಂದ ಪ್ರಯೋಜನವೇನು? ಇಂತಹ ‘ಇಲ್ಲ’ಗಳಿಗೆ ಕಾರಣವನ್ನೂ ಪರಿಹಾರವನ್ನೂ ಸರಳವಾಗಿ ನಿರೂಪಿಸುವುದೇ ಪ್ರಕೃತ ಲೇಖನದ ಉದ್ದೇಶ.

ನಮ್ಮ ವ್ಯಾಕರಣದ ಪಾಠದಲ್ಲಿ ಅಕ್ಷರಕ್ಕೆ ಎರಡು ರೂಪಗಳನ್ನು ಹೇಳುವುದುಂಟು. ಕಿವಿಗೆ ಕೇಳುವುದು ಶ್ರಾವಣ, ಕಣ್ಣಿಗೆ ಕಾಣುವುದು ಚಾಕ್ಷುಷ. ಗಣಕವು ಇವೆರಡರ ಜೊತೆಗೆ ಇನ್ನೆರಡನ್ನು ತಂದಿತು. ಬೆರಳು ಒತ್ತುವ ಕೀಲಿ ಒಂದು. ಯಂತ್ರದ ಒಡಲಲ್ಲಿ ಉಳಿಯುವ ಸಂಕೇತಸಂಖ್ಯೆ ಇನ್ನೊಂದು. ಹಿಂದಿನ ಬೆರಳಚ್ಚು ಯಂತ್ರದಲ್ಲಿ ಕೀಲಿಯನ್ನು ಒತ್ತಿದೊಡನೆ ಅಚ್ಚು ಕಾಗದಕ್ಕೆ ತಾಗಿ ರೂಪ ಮೂಡುತ್ತಿತ್ತು. ಕೀಲಿಗೂ ರೂಪಕ್ಕೂ ನಡುವೆ ಬೇರೊಂದಿರಲಿಲ್ಲ. ಗಣಕದಲ್ಲಿ ಕೀಲಿ ಬೇರೆ, ಸಂಕೇತ ಬೇರೆ, ತೆರೆಯ ಮೇಲಿನ ರೂಪ ಬೇರೆ. ಈ ಮೂರನ್ನು ಒಂದೇ ಎಂದು ಭಾವಿಸುವುದೇ ಬಹುಪಾಲು ತೊಡಕುಗಳ ಮೂಲ.

ಗಣಕದಲ್ಲಿ ಕನ್ನಡವು ನೆಲೆಗೊಂಡ ಕ್ರಮವನ್ನು ಸ್ವಲ್ಪ ನೋಡೋಣ. ಭಾರತ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆಯು ೧೯೮೬ರಲ್ಲಿ ಭಾರತೀಯ ಲಿಪಿಗಳಿಗೆಲ್ಲ ಸಮಾನವಾದ ‘ಇನ್‌ಸ್ಕ್ರಿಪ್ಟ್’ ಎಂಬ ಕೀಲಿಮಣೆ ವಿನ್ಯಾಸವನ್ನು ಹೊರತಂದಿತು. ೧೯೯೧ರ ‘ಇಸ್ಕಿ’ ಮಾನಕದಲ್ಲಿ ಅದು ಸೇರಿತು. ಸ್ವರಚಿಹ್ನೆಗಳು ಎಡಗೈಗೆ, ವ್ಯಂಜನಗಳು ಬಹುಮಟ್ಟಿಗೆ ಬಲಗೈಗೆ, ಅಲ್ಪಪ್ರಾಣ ಮಹಾಪ್ರಾಣಗಳು ಒಂದೇ ಕೀಲಿಯ ಕೆಳಗೂ ಮೇಲೂ ಇರುವಂತೆ ಅದರ ರಚನೆ. ಕೆ. ಪಿ. ರಾವ್ ಅವರು ಇಂಗ್ಲಿಷ್ ಕೀಲಿಗಳ ಉಚ್ಚಾರಣೆಯನ್ನೇ ಆಧಾರವಾಗಿಟ್ಟುಕೊಂಡು ರಚಿಸಿದ ವಿನ್ಯಾಸವನ್ನು ಕರ್ನಾಟಕ ಸರ್ಕಾರವು ಅಂಗೀಕರಿಸಿತು. ‘ನುಡಿ’ ತಂತ್ರಾಂಶದ ಮೂಲಕ ಅದು ನಾಡಿನ ಕಚೇರಿಗಳಿಗೆಲ್ಲ ಪರಿಚಯವಾಯಿತು. ಶೇಷಾದ್ರಿವಾಸು ಅವರ ‘ಬರಹ’ ತಂತ್ರಾಂಶವು ೧೯೯೮ರಲ್ಲಿ ಬಂದು, ಇಂಗ್ಲಿಷ್ ಕಾಗುಣಿತದಲ್ಲಿ ಬರೆದದ್ದನ್ನು ಕನ್ನಡವಾಗಿಸುವ ಲಿಪ್ಯಂತರಣ ಕ್ರಮವನ್ನು ದೂರದೇಶದ ಕನ್ನಡಿಗರಿಗೂ ಸುಲಭಗೊಳಿಸಿತು.

ಮೂರು ಕ್ರಮಗಳಿಗೂ ಒಂದೇ ಉದಾಹರಣೆಯನ್ನು ತೆಗೆದುಕೊಳ್ಳಬಹುದು. ನಮ್ಮ ಊರಿನ ಹೆಸರು ‘ಹಲಸೂರು’. ಕೆ. ಪಿ. ರಾವ್ ವಿನ್ಯಾಸದಲ್ಲಿ ಇದಕ್ಕೆ ಎಚ್, ಎಲ್, ಎಸ್, ದೊಡ್ಡ ಯು, ಆರ್, ಚಿಕ್ಕ ಯು ಎಂಬ ಆರು ಒತ್ತುಗಳು. ಇನ್‌ಸ್ಕ್ರಿಪ್ಟ್‌ನಲ್ಲಿಯೂ ಆರೇ ಒತ್ತುಗಳು. ಆದರೆ ಕೀಲಿಗಳು ಯು, ಎನ್, ಎಂ, ಟಿ, ಜೆ, ಜಿ. ಲಿಪ್ಯಂತರಣದಲ್ಲಿ ಅಕಾರಗಳನ್ನೂ ಬರೆಯಬೇಕಾದ್ದರಿಂದ ಎಂಟು ಒತ್ತುಗಳು. ಬೆರಳುಗಳ ದಾರಿ ಮೂರು ಬಗೆಯಾದರೂ ಕೊನೆಗೆ ಯಂತ್ರದಲ್ಲಿ ಉಳಿಯಬೇಕಾದದ್ದು ಒಂದೇ ಸಾಲು. ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆಗಳನ್ನು ಹಂಚಿಕೊಡುವ ಯೂನಿಕೋಡ್ ಮಾನಕದ ಮೊದಲ ಆವೃತ್ತಿ ೧೯೯೧ರಲ್ಲಿ ಪ್ರಕಟವಾಯಿತು. ಅದರಲ್ಲಿ ಕನ್ನಡಕ್ಕೆ ೩೨೦೦ರಿಂದ ೩೩೨೭ರವರೆಗೆ ೧೨೮ ಸ್ಥಾನಗಳು. ಆ ಪ್ರಕಾರ ಹಲಸೂರು ಎಂದರೆ ೩೨೫೭, ೩೨೫೦, ೩೨೫೬, ೩೨೬೬, ೩೨೪೮, ೩೨೬೫. ಯಾರು, ಯಾವ ಯಂತ್ರದಲ್ಲಿ, ಯಾವ ಕ್ರಮದಿಂದ ಬರೆದರೂ ಈ ಆರು ಸಂಖ್ಯೆಗಳು ಇದೇ ಅನುಕ್ರಮದಲ್ಲಿ ಉಳಿದರೆ ಬರವಣಿಗೆ ಏಕರೂಪವಾಯಿತು ಎನ್ನಬಹುದು.

ಈಗ ಒಂದು ಅಂಶವನ್ನು ಗಮನಿಸಬೇಕು. ಜೆ ಎಂಬ ಕೀಲಿಯೊಂದನ್ನೇ ನೋಡಿ. ಕೆ. ಪಿ. ರಾವ್ ವಿನ್ಯಾಸದಲ್ಲಿ ಅದು ಜಕಾರ, ಇನ್‌ಸ್ಕ್ರಿಪ್ಟ್‌ನಲ್ಲಿ ರಕಾರ. ಹಲಸೂರಿನಂತಹ ದಂಡು ಪ್ರದೇಶದಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು, ಇಂಗ್ಲಿಷ್ ಭಾಷೆಗಳು ಒಂದೇ ಬೀದಿಯಲ್ಲಿ ಕೇಳಿಬರುತ್ತವೆ. ಒಂದೇ ಗಣಕದಲ್ಲಿ ಈ ಭಾಷೆಗಳ ಕೀಲಿಮಣೆ ವಿನ್ಯಾಸಗಳು ಒಟ್ಟಿಗೇ ಇರುವುದೂ ಸಹಜ. ತಮಿಳಿಗಂತೂ ‘ತಮಿಳ್ ೯೯’ ಎಂಬ ಪ್ರತ್ಯೇಕ ವಿನ್ಯಾಸವೇ ಇದೆ. ಆದಕಾರಣ ಕೀಲಿಯನ್ನು ನೋಡಿ ಅಕ್ಷರವನ್ನು ನಿರ್ಣಯಿಸಲು ಬರುವುದಿಲ್ಲ.

ಕೀಲಿಯ ಒತ್ತು ಜಾಲಪುಟವನ್ನು ತಲಪುವ ಮಾರ್ಗ ಹೀಗಿದೆ. ಮೊದಲು ಕೀಲಿಮಣೆಯು ‘ಇಂಥ ಸ್ಥಾನದ ಕೀಲಿ ಕೆಳಗಿಳಿಯಿತು’ ಎಂದಷ್ಟೇ ತಿಳಿಸುತ್ತದೆ. ವಿಂಡೋಸ್, ಮ್ಯಾಕ್, ಲಿನಕ್ಸ್, ಆಂಡ್ರಾಯ್ಡ್ ಮುಂತಾದ ಕಾರ್ಯಾಚರಣ ವ್ಯವಸ್ಥೆಯು ಬಳಕೆದಾರನು ಆರಿಸಿದ ವಿನ್ಯಾಸಕ್ಕೆ ಅನುಗುಣವಾಗಿ ಅದನ್ನು ಅಕ್ಷರವಾಗಿ ಮಾರ್ಪಡಿಸುತ್ತದೆ. ಬಳಿಕ ಕ್ರೋಮ್, ಫೈರ್‌ಫಾಕ್ಸ್, ಸಫಾರಿ ಮೊದಲಾದ ಬ್ರೌಸರ್ ಅದನ್ನು ಪಡೆದು, ಜಾಲಪುಟದೊಳಗಿನ ಕಾರ್ಯಕ್ರಮಕ್ಕೆ ಎರಡು ಬಗೆಯ ಸುದ್ದಿಗಳನ್ನು ಮುಟ್ಟಿಸುತ್ತದೆ: ಕೀಲಿ ಒತ್ತಲ್ಪಟ್ಟಿತು ಎಂಬುದು ಮೊದಲನೆಯದು, ಪಠ್ಯ ಬದಲಾಯಿತು ಎಂಬುದು ಎರಡನೆಯದು.

ಮೊದಲನೆಯ ಸುದ್ದಿಯನ್ನು ಬ್ರೌಸರ್‌ಗಳು ಬಹುಕಾಲ ಒಂದೇ ರೀತಿಯಲ್ಲಿ ಹೇಳುತ್ತಿರಲಿಲ್ಲ. ಅರ್ಧವಿರಾಮದ ಕೀಲಿಗೆ ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಕೊಡುತ್ತಿದ್ದ ಸಂಖ್ಯೆ ೧೮೬. ಫೈರ್‌ಫಾಕ್ಸ್ ಕೊಡುತ್ತಿದ್ದದ್ದು ೫೯. ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಅದೇ ಕೀಲಿ ಚಕಾರದ ಸ್ಥಾನ. ೧೮೬ ಬಂದರೆ ಚಕಾರವನ್ನು ಬರೆ ಎಂದು ವಿಧಿಸಿದ ಕಾರ್ಯಕ್ರಮವು ಒಂದು ಬ್ರೌಸರ್‌ನಲ್ಲಿ ‘ಚನ್ನ’ ಎಂದು ಬರೆದರೆ ಇನ್ನೊಂದರಲ್ಲಿ ‘ನ್ನ’ ಎಂದು ಬರೆದೀತು. ಎಕ್ಸ್‌ಪ್ಲೋರರ್ ೨೦೨೨ರಲ್ಲಿ ನಿವೃತ್ತಿ ಹೊಂದಿತಾದರೂ ಆ ಕಾಲದಲ್ಲಿ ಬರೆದ ಕಾರ್ಯಕ್ರಮಗಳಲ್ಲಿ ಇಂತಹ ವಿಧಿಗಳು ಉಳಿದಿರಬಹುದು. ಮೊಬೈಲಿನಲ್ಲಿ ಈ ಕ್ರಮ ಪೂರ್ತಿ ಕುಸಿಯುತ್ತದೆ. ಆಂಡ್ರಾಯ್ಡ್‌ನ ತೆರೆಯ ಮೇಲಿನ ಕೀಲಿಮಣೆಯಲ್ಲಿ ಬರೆಯುವಾಗ ಅನೇಕ ವೇಳೆ ಎಲ್ಲ ಕೀಲಿಗಳಿಗೂ ೨೨೯ ಎಂಬ ಒಂದೇ ಸಂಖ್ಯೆ ಬರುತ್ತದೆ. ಅದರ ಅರ್ಥ, ‘ಬರವಣಿಗೆ ನಡೆಯುತ್ತಿದೆ, ಕೀಲಿ ಯಾವುದೆಂದು ಕೇಳಬೇಡ’ ಎಂಬುದಷ್ಟೇ.

ಜಾಲದ ಮಾನಕಗಳನ್ನು ರೂಪಿಸುವವರು ಇದಕ್ಕೆ ಉಪಾಯ ಮಾಡಿದ್ದಾರೆ. ಕೀಲಿಯ ಸ್ಥಾನವನ್ನು ‘ಕೋಡ್’ ಎಂಬ ಹೆಸರಿನಿಂದಲೂ ಕೀಲಿಯ ಫಲವನ್ನು ‘ಕೀ’ ಎಂಬ ಹೆಸರಿನಿಂದಲೂ ಬೇರ್ಪಡಿಸಿ, ಹಳೆಯ ಸಂಖ್ಯಾಪದ್ಧತಿಯನ್ನು ತ್ಯಾಜ್ಯವೆಂದು ಸಾರಿದ್ದಾರೆ. ವ್ಯಾಕರಣದ ಪರಿಭಾಷೆಯಲ್ಲಿ ಹೇಳುವುದಾದರೆ, ಸ್ಥಾನಿಯನ್ನೂ ಆದೇಶವನ್ನೂ ಬೇರೆಬೇರೆಯಾಗಿ ಹೆಸರಿಸಿದಂತಾಯಿತು. ಬರಹಕ್ಕೆ ಸಂಬಂಧಿಸಿದ ಕೆಲಸಕ್ಕಾದರೋ ಕೀಲಿಯನ್ನು ಲೆಕ್ಕಿಸದೆ ‘ಪಠ್ಯ ಬದಲಾಯಿತು’ ಎಂಬ ಎರಡನೆಯ ಸುದ್ದಿಯನ್ನೇ ನಂಬುವುದು ಕ್ಷೇಮ. ಬೆರಳಿನಿಂದ ಬರೆಯಲಿ, ಬಾಯಿಂದ ಹೇಳಿ ಬರೆಸಲಿ, ಬೇರೆಡೆಯಿಂದ ಪ್ರತಿಮಾಡಿ ತರಲಿ, ಈ ಸುದ್ದಿ ಬಂದೇ ಬರುತ್ತದೆ.

ಲಿಪ್ಯಂತರಣದಲ್ಲಿ ಇನ್ನೊಂದು ಸೂಕ್ಷ್ಮವುಂಟು. ‘ಕ’ ಬರೆಯುವಾಗ ಮೊದಲು ‘ಕ್’ ಎಂದು ತೋರಿ, ಅಕಾರ ಬಂದ ಬಳಿಕ ‘ಕ’ ಆಗುತ್ತದೆ. ಈ ನಡುವಣ ಅವಸ್ಥೆ ಅಪೂರ್ಣ. ಸಂಯೋಜನೆ ಆರಂಭವಾಯಿತು, ಸಂಯೋಜನೆ ಮುಗಿಯಿತು ಎಂಬ ಸುದ್ದಿಗಳನ್ನು ಇದಕ್ಕಾಗಿಯೇ ಬ್ರೌಸರ್‌ಗಳು ಕೊಡುತ್ತವೆ. ಕಾರ್ಯಕ್ರಮವು ಕಾಯದೆ, ಸೂಚಿತ ಪದವೊಂದನ್ನು ಆರಿಸಲು ಒತ್ತಿದ ಎಂಟರ್ ಕೀಲಿಯನ್ನೇ ‘ಅರ್ಜಿಯನ್ನು ಕಳುಹಿಸು’ ಎಂದು ಗ್ರಹಿಸಿದರೆ ಅರ್ಧ ಹೆಸರು ದಾಖಲೆಗೆ ಸೇರುತ್ತದೆ. ಇಲ್ಲಿಯೂ ಅನುಕ್ರಮದಲ್ಲಿ ಭೇದವಿದೆ: ಕ್ರೋಮ್‌ನಲ್ಲಿ ಕೀಲಿಯ ಸುದ್ದಿ ಮೊದಲು, ಸಂಯೋಜನೆ ಮುಗಿದ ಸುದ್ದಿ ಆಮೇಲೆ, ಸಫಾರಿಯಲ್ಲಿ ಇದಕ್ಕೆ ವಿಪರ್ಯಾಯವಾಗಿ ಬರುವುದುಂಟು. ಒಂದರಲ್ಲಿ ಮಾತ್ರ ಪರೀಕ್ಷಿಸಿ ‘ಸರಿಯಾಗಿದೆ’ ಎನ್ನುವುದು ಆದ್ದರಿಂದಲೇ ಸಾಲದು.

ಇನ್ನು ಯಂತ್ರದೊಳಗೆ ಉಳಿಯುವ ಸಂಕೇತಗಳ ವಿಚಾರ. ‘ಕೋಲಾರ’ದ ಕೋಕಾರವನ್ನು ಕಕಾರ ಮತ್ತು ಓತ್ವದ ಒಂದೇ ಚಿಹ್ನೆಯಿಂದ ಉಳಿಸಬಹುದು, ಕಕಾರ, ಎತ್ವ, ಊಕಾರದ ಕೊಂಬು, ದೀರ್ಘ ಎಂದು ಬಿಡಿಸಿಯೂ ಉಳಿಸಬಹುದು. ತೆರೆಯ ಮೇಲೆ ಎರಡೂ ಒಂದೇ. ಇವು ಸಮಾನವೆಂದು ಯೂನಿಕೋಡ್ ಸ್ಪಷ್ಟವಾಗಿ ವಿಧಿಸಿದ್ದು, ತಂತ್ರಜ್ಞರು ನಾರ್ಮಲೈಸೇಷನ್ ಎನ್ನುವ ಏಕರೂಪೀಕರಣ ವಿಧಿಯಿಂದ ಎಲ್ಲವನ್ನೂ ಒಂದೇ ರೂಪಕ್ಕೆ ತರಬಹುದು. ಆದರೆ ‘ಶಂಕರ’ ಎಂಬಲ್ಲಿ ಅನುಸ್ವಾರಕ್ಕೆ ಬದಲಾಗಿ ಕನ್ನಡದ ಸೊನ್ನೆಯನ್ನು ಒತ್ತಿದರೆ ಆ ವಿಧಿಯೂ ರಕ್ಷಿಸದು. ಅನುಸ್ವಾರದ ಸಂಖ್ಯೆ ೩೨೦೨, ಸೊನ್ನೆಯದು ೩೩೦೨. ಯಂತ್ರದ ಮಟ್ಟಿಗೆ ಒಂದು ಅಕ್ಷರ, ಇನ್ನೊಂದು ಅಂಕಿ. ಅಕ್ಷರಗಳ ನಡುವೆ ಸಿಕ್ಕಿದ ಸೊನ್ನೆಯನ್ನು ಹಿಡಿದು ತಿದ್ದುವ ನಿಯಮವನ್ನು ಕಾರ್ಯಕ್ರಮದಲ್ಲಿಯೇ ಇಡಬೇಕು, ಬರೆಯುವವರಿಗೂ ತಿಳಿಹೇಳಬೇಕು.

ಅರ್ಕಾವತ್ತಿನ ಸಂಗತಿ ಅಧ್ಯಾಪಕರಿಗೆ ವಿಶೇಷವಾಗಿ ರುಚಿಸೀತು. ‘ಸೂರ್ಯ’ ಎಂದು ಬರೆಯುವ ಬಾಲಕನು ಯಕಾರವನ್ನು ಬರೆದು ಆಮೇಲೆ ಅರ್ಕಾವತ್ತನ್ನು ಕೊಡುತ್ತಾನೆ; ಯಂತ್ರವು ಉಚ್ಚಾರಣೆಯ ಕ್ರಮವನ್ನು ಅನುಸರಿಸಿ ರಕಾರವನ್ನು ಮೊದಲು, ವಿರಾಮವನ್ನು ಆಮೇಲೆ, ಯಕಾರವನ್ನು ಕೊನೆಗೆ ಇಡುತ್ತದೆ. ಅಂದರೆ ಅದು ಶ್ರಾವಣಕ್ರಮವನ್ನು ಹಿಡಿದಿದೆ. ‘ರ‍್ಯಾಲಿ’ ಎಂಬಂತಹ ಪದದಲ್ಲಿ ಅರ್ಕಾವತ್ತು ಬೇಡವಾದರೆ ರಕಾರಕ್ಕೂ ವಿರಾಮಕ್ಕೂ ನಡುವೆ ಕಣ್ಣಿಗೆ ಕಾಣದ ಸಂಯೋಜಕವೊಂದನ್ನು ಇಡಬೇಕು. ‘ರಾಜ್‌ಕುಮಾರ್’ ಎಂಬಲ್ಲಿ ಜಕಾರದ ಕೆಳಗೆ ಕಕಾರ ಒತ್ತಾಗದಿರಲು ಇನ್ನೊಂದು ಅಗೋಚರ ವಿಯೋಜಕ ಬೇಕು. ಒಬ್ಬರು ಇದನ್ನು ಒತ್ತಿ, ಇನ್ನೊಬ್ಬರು ಬಿಟ್ಟರೆ ಹುಡುಕಾಟ ವಿಫಲವಾಗಬಹುದು. ಹುಡುಕುವಾಗ ಈ ಅಗೋಚರಗಳನ್ನು ಕಡೆಗಣಿಸಿ, ತೋರಿಸುವಾಗ ಉಳಿಸಿಕೊಳ್ಳುವುದು ಯುಕ್ತ.

ಎಣಿಕೆಯಲ್ಲಿಯೂ ಎಚ್ಚರ ಬೇಕು. ‘ಲಕ್ಷ್ಮೀ’ ಎಂಬುದು ಕಣ್ಣಿಗೆ ಎರಡೇ ಅಕ್ಷರ. ಯಂತ್ರಕ್ಕೆ ಏಳು ಸಂಕೇತಗಳು. ಹೆಸರಿಗೆ ಇಪ್ಪತ್ತು ಸ್ಥಾನಗಳಷ್ಟೇ ಎಂದು ಇಂಗ್ಲಿಷ್ ಅಳತೆಯಲ್ಲಿ ವಿಧಿಸಿದ ಅರ್ಜಿಯಲ್ಲಿ ಒತ್ತಕ್ಷರಗಳುಳ್ಳ ಕನ್ನಡದ ಹೆಸರು ಅರ್ಧಕ್ಕೇ ಕತ್ತರಿಸಿಹೋದೀತು. ಹಾಗೆಯೇ ಹಿಂದಿನ ಅಕ್ಷರವನ್ನು ಅಳಿಸುವ ಕೀಲಿಯನ್ನು ಒತ್ತಿದರೆ ಕೆಲವೆಡೆ ಗುಣಿತಚಿಹ್ನೆಯೊಂದೇ ಅಳಿಯುತ್ತದೆ, ಕೆಲವೆಡೆ ಒತ್ತಕ್ಷರವೆಲ್ಲ ಒಟ್ಟಿಗೆ ಹೋಗುತ್ತದೆ. ಅಳಿಸಿ ತಿದ್ದಿದ ಹೆಸರನ್ನು ಮತ್ತೊಮ್ಮೆ ಓದಿ ನೋಡುವ ಅಭ್ಯಾಸ ಮಕ್ಕಳಿಗೂ ಗುಮಾಸ್ತರಿಗೂ ಇರಬೇಕು.

ಹಳೆಯ ದಾಖಲೆಗಳ ಪ್ರಶ್ನೆ ಇದಕ್ಕಿಂತ ಗಂಭೀರ. ಯೂನಿಕೋಡ್ ಬಳಕೆಗೆ ಬರುವ ಮುನ್ನ ಬರೆದ ಕಡತಗಳಲ್ಲಿ ಉಳಿದಿರುವುದು ಅಕ್ಷರದ ಸಂಕೇತವಲ್ಲ, ಅಕ್ಷರರೂಪದ ತುಣುಕುಗಳು. ಆ ಕಾಲದ ಫಾಂಟ್ ಇಲ್ಲದ ಯಂತ್ರದಲ್ಲಿ ಅವು ಅರ್ಥವಿಲ್ಲದ ರೋಮನ್ ಚಿಹ್ನೆಗಳಾಗಿ ಕಾಣುತ್ತವೆ. ಇಂತಹ ಕಡತಗಳನ್ನು ಪರಿವರ್ತಕ ತಂತ್ರಾಂಶದಿಂದ ಯೂನಿಕೋಡಿಗೆ ತಂದು, ಮೂಲ ಪುಸ್ತಕವನ್ನು ಎದುರಿಗಿಟ್ಟು ತಾಳೆ ನೋಡುವ ಕಾರ್ಯವನ್ನು ಮುಂದೂಡಬಾರದು. ಮೂಲವನ್ನು ಬರೆದವರು ನಮ್ಮ ನಡುವೆ ಇರುವಾಗಲೇ ಅದು ನಡೆದರೆ ಸಂದೇಹಗಳನ್ನು ಕೇಳಿ ಪರಿಹರಿಸಿಕೊಳ್ಳಬಹುದು.

ಯಾವುದೇ ಶಾಲೆ ತನ್ನ ಜಾಲಪುಟವನ್ನು ಮಾಡಿಸುವಾಗ ಕೇಳಬೇಕಾದದ್ದು ಬಹಳವಿಲ್ಲ. ಹಲಸೂರು, ಕೋಲಾರ, ಶಂಕರ, ಸೂರ್ಯ, ರ‍್ಯಾಲಿ, ಲಕ್ಷ್ಮೀ, ರಾಜ್‌ಕುಮಾರ್ ಎಂಬ ಏಳು ಪದಗಳನ್ನು ವಿಂಡೋಸ್ ಗಣಕದಲ್ಲೊಮ್ಮೆ, ಮ್ಯಾಕ್‌ನಲ್ಲೊಮ್ಮೆ, ಮೊಬೈಲಿನಲ್ಲೊಮ್ಮೆ, ಎರಡು ಮೂರು ಬ್ರೌಸರ್‌ಗಳಲ್ಲಿ, ಬೇರೆಬೇರೆ ವಿನ್ಯಾಸಗಳಿಂದ ಬರೆದು ಉಳಿಸಲಿ. ಒಂದರಲ್ಲಿ ಬರೆದದ್ದನ್ನು ಇನ್ನೊಂದರಿಂದ ಹುಡುಕಲಿ. ಏಳೂ ಎಲ್ಲೆಡೆಯಿಂದಲೂ ಸಿಕ್ಕಿದರೆ ಕೆಲಸವನ್ನು ಒಪ್ಪಿಕೊಳ್ಳಲಿ. ಒಂದು ಸಿಕ್ಕದಿದ್ದರೂ ತಿದ್ದಿಸಲಿ. ಈ ಪರೀಕ್ಷೆಗೆ ಬೇಕಾದದ್ದು ಒಂದು ಮಧ್ಯಾಹ್ನದ ಹೊತ್ತು ಮತ್ತು ಕನ್ನಡವನ್ನು ಶುದ್ಧವಾಗಿ ಓದಬಲ್ಲ ಇಬ್ಬರು. ಯಂತ್ರವನ್ನು ಕೊಡಿಸುವ ಔದಾರ್ಯವುಳ್ಳ ದಾನಿಗಳು ಅದರಲ್ಲಿ ತುಂಬುವ ಅಕ್ಷರಗಳ ಪರಿಶೋಧನೆಗೂ ನೆರವಾಗಲಿ, ಅಧ್ಯಾಪಕರು ಅದನ್ನು ಕನ್ನಡ ಪಾಠದ ಒಂದು ಅಂಗವೆಂದೇ ಎಣಿಸಲಿ ಎಂದು ಸವಿನಯವಾಗಿ ಪ್ರಾರ್ಥಿಸುತ್ತೇನೆ.