ಖಾತೆಗೆ ತಪ್ಪಿ ಬಂದ ಹಣ: ವ್ಯಾಪಾರಸ್ಥರು ವಹಿಸಬೇಕಾದ ಎಚ್ಚರಿಕೆ

ಹಾರ್ಡ್‌ವೇರ್ ಅಂಗಡಿಯೊಂದರ ಚಾಲ್ತಿ ಖಾತೆಗೆ ಸೋಮವಾರ ಬೆಳಿಗ್ಗೆ 4,80,000 ರೂಪಾಯಿ ಜಮೆಯಾಗುತ್ತದೆ ಎಂದಿಟ್ಟುಕೊಳ್ಳಬಹುದು. ಕಳುಹಿಸಿದವರ ಹೆಸರು ಪರಿಚಿತವಲ್ಲ. ಬಾಕಿ ಉಳಿಸಿಕೊಂಡಿರುವ ಗಿರಾಕಿಗಳ ಪೈಕಿ ಯಾರೋ ತಮ್ಮ ಬೇರೊಂದು ಸಂಸ್ಥೆಯ ಹೆಸರಿನಿಂದ ಕಳುಹಿಸಿರಬೇಕೆಂದು ಲೆಕ್ಕ ಬರೆಯುವವರು ಊಹಿಸುತ್ತಾರೆ. ಆ ಧೈರ್ಯದ ಮೇಲೆ ಅದೇ ದಿನ ಸಿಮೆಂಟ್ ಸರಬರಾಜುದಾರರಿಗೆ ಚೆಕ್ ಹೋಗುತ್ತದೆ. ಗುರುವಾರ ಬ್ಯಾಂಕು ಆ ಜಮೆ ತಪ್ಪಿನಿಂದ ಆದದ್ದೆಂದು ಹಿಂತೆಗೆದುಕೊಳ್ಳುತ್ತದೆ. ಶುಕ್ರವಾರ ಚೆಕ್ಕು ಹಣವಿಲ್ಲದೆ ಹಿಂದಿರುಗುತ್ತದೆ. ಹತ್ತಾರು ವರ್ಷಗಳಿಂದ ಉದ್ದರಿಯ ಮೇಲೆ ಮಾಲು ಕೊಡುತ್ತಿದ್ದ ಸರಬರಾಜುದಾರರು ಮುಂದಿನ ಲೋಡಿಗೆ ಮುಂಗಡ ಕೇಳತೊಡಗುತ್ತಾರೆ.

ಇಲ್ಲಿ ಯಾರೂ ಮೋಸ ಮಾಡಿಲ್ಲ. ಆದರೂ ನಷ್ಟವಾದದ್ದು ತಪ್ಪು ಮಾಡದವರಿಗೆ. ತಪ್ಪಿ ಬಂದ ಹಣದ ಬಗ್ಗೆ ‘ಖರ್ಚು ಮಾಡಬಾರದು’ ಎಂಬಷ್ಟನ್ನು ಎಲ್ಲರೂ ಬಲ್ಲರು. ಅದನ್ನು ತಾನಾಗಿ ಯಾರಿಗೂ ಮರಳಿ ಕಳುಹಿಸಲೂಬಾರದು ಎಂಬುದನ್ನು ಬಲ್ಲವರು ಕಡಿಮೆ. ಈಚಿನ ವರ್ಷಗಳಲ್ಲಿ ಹೆಚ್ಚು ಹಾನಿಯಾಗುತ್ತಿರುವುದು ಈ ಎರಡನೆಯ ವಿಷಯದಲ್ಲಿ.

ತಪ್ಪು ಹೇಗಾಗುತ್ತದೆ

ಹಿಂದೆ ಚೆಕ್ಕನ್ನು ಚಲನ್‌ನೊಂದಿಗೆ ಕಟ್ಟಿದಾಗ ಕೌಂಟರಿನ ಗುಮಾಸ್ತರು ಹೆಸರನ್ನೂ ಖಾತೆ ಸಂಖ್ಯೆಯನ್ನೂ ತಾಳೆ ನೋಡುತ್ತಿದ್ದರು. ವಿದ್ಯುನ್ಮಾನ ಪಾವತಿಯಲ್ಲಿ ಆ ಕಣ್ಣು ಇಲ್ಲ. ಒಳಬರುವ ಹಣವನ್ನು ಖಾತೆ ಸಂಖ್ಯೆಯೊಂದರ ಆಧಾರದ ಮೇಲೆಯೇ ಜಮೆ ಮಾಡಬಹುದೆಂದು ರಿಸರ್ವ್ ಬ್ಯಾಂಕು 2010ರ ಅಕ್ಟೋಬರ್‌ನಲ್ಲಿ ಸುತ್ತೋಲೆ ಹೊರಡಿಸಿತು. ಸರಿಯಾದ ಸಂಖ್ಯೆ ನೀಡುವ ಹೊಣೆಯನ್ನು ಕಳುಹಿಸುವವರ ಮೇಲೆ ಹೊರಿಸಿತು. ಹೀಗಾಗಿ ಒಂದು ಅಂಕಿ ಅದಲುಬದಲಾಗಿ, ಆ ಸಂಖ್ಯೆಯ ಖಾತೆ ನಿಜವಾಗಿ ಇದ್ದುಬಿಟ್ಟರೆ, ಹೆಸರು ಹೊಂದದಿದ್ದರೂ ಹಣ ಅಲ್ಲಿಗೇ ಸೇರುತ್ತದೆ. ಎನ್‌ಇಎಫ್‌ಟಿ ಮತ್ತು ಆರ್‌ಟಿಜಿಎಸ್ ಪಾವತಿಗಳಲ್ಲಿ ಕಳುಹಿಸುವ ಮುನ್ನವೇ ಪಡೆಯುವವರ ಹೆಸರನ್ನು ತೋರಿಸುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಒದಗಿಸಬೇಕೆಂದು 2024ರ ಡಿಸೆಂಬರ್‌ನಲ್ಲಿ ಬ್ಯಾಂಕುಗಳಿಗೆ ಸೂಚಿಸಲಾಯಿತು. ಹೆಸರು ತೋರಿಸಿದರೂ ಓದದೆ ಗುಂಡಿ ಒತ್ತುವವರಿಗೆ ಇದರಿಂದ ಪ್ರಯೋಜನವೇನೂ ಇಲ್ಲ.

ಇನ್ನೊಂದು ಬಗೆಯ ತಪ್ಪು ಬ್ಯಾಂಕಿನ ಗಣಕಯಂತ್ರದಲ್ಲೇ ಆಗುವಂಥದು. ಇದಕ್ಕೆ ದೊಡ್ಡ ಉದಾಹರಣೆ ಯೂಕೋ ಬ್ಯಾಂಕಿನದು. 2023ರ ನವೆಂಬರ್ 10ರಿಂದ 13ರವರೆಗೆ, ದೀಪಾವಳಿಯ ಆಸುಪಾಸಿನಲ್ಲಿ, ಬೇರೆ ಬ್ಯಾಂಕುಗಳಿಂದ ಐಎಂಪಿಎಸ್ ಮೂಲಕ ಕಳುಹಿಸಲು ಯತ್ನಿಸಿ ವಿಫಲವಾದ ವಹಿವಾಟುಗಳು ಆ ಬ್ಯಾಂಕಿನ ಸುಮಾರು 41,000 ಖಾತೆಗಳಲ್ಲಿ ಯಶಸ್ವಿಯೆಂದು ದಾಖಲಾದವು. ಕಳುಹಿಸಿದವರ ಖಾತೆಯಲ್ಲಿ ಖರ್ಚು ಬೀಳಲಿಲ್ಲ. ಪಡೆದವರ ಖಾತೆಗಳಲ್ಲಿ ಸುಮಾರು 820 ಕೋಟಿ ರೂಪಾಯಿ ಜಮೆಯಾಯಿತು. ಖಾತೆಗಳನ್ನು ತಡೆಹಿಡಿದು ಕೆಲವೇ ದಿನಗಳಲ್ಲಿ 649 ಕೋಟಿಯನ್ನು ಬ್ಯಾಂಕು ವಸೂಲು ಮಾಡಿತಾದರೂ ಉಳಿದದ್ದನ್ನು ಅಷ್ಟರಲ್ಲಾಗಲೇ ಹಲವರು ತೆಗೆದುಕೊಂಡಿದ್ದರು. ಪ್ರಕರಣ ಸಿಬಿಐಗೆ ಹೋಯಿತು. 2023ರ ಡಿಸೆಂಬರ್‌ನಲ್ಲಿ ಕೋಲ್ಕತ್ತಾದೊಂದಿಗೆ ಮಂಗಳೂರಿನಲ್ಲೂ ಶೋಧ ನಡೆಯಿತು. 2024ರ ಮಾರ್ಚ್‌ನಲ್ಲಿ ರಾಜಸ್ಥಾನ ಮತ್ತು ಮಹಾರಾಷ್ಟ್ರಗಳ 67 ಕಡೆಗಳಲ್ಲಿ ಶೋಧ ಮುಂದುವರಿಯಿತು. ಯಂತ್ರದ ದೋಷದಿಂದ ಬಂದ ಹಣವೆಂಬುದು ಅದನ್ನು ತೆಗೆದುಕೊಂಡವರನ್ನು ತನಿಖೆಯಿಂದ ಪಾರು ಮಾಡಲಿಲ್ಲ.

ಕಾನೂನು ಏನು ಹೇಳುತ್ತದೆ

1872ರ ಭಾರತೀಯ ಕರಾರು ಕಾಯಿದೆಯ 72ನೆಯ ಕಲಮಿನ ಪ್ರಕಾರ, ತಪ್ಪಿನಿಂದಾಗಲಿ ಬಲಾತ್ಕಾರದಿಂದಾಗಲಿ ಹಣ ಸಂದಾಯವಾದರೆ ಪಡೆದವರು ಅದನ್ನು ಹಿಂದಿರುಗಿಸತಕ್ಕದ್ದು. ಇದೇ ಕಲಮು ವ್ಯಾಪಾರಸ್ಥರಿಗೂ ಆಸರೆಯಾದದ್ದುಂಟು. ಬೆಳ್ಳಿಯ ಮುಂಗಡ ವ್ಯಾಪಾರದ ಮೇಲೆ ತಾನು ಕಟ್ಟಿದ ಮಾರಾಟ ತೆರಿಗೆಯನ್ನು ಕಾನೂನಿನ ತಪ್ಪು ತಿಳಿವಳಿಕೆಯಿಂದ ಕಟ್ಟಲಾಯಿತೆಂದು ಬನಾರಸಿನ ಕನ್ಹಯ್ಯಾಲಾಲ್ ಮುಕುಂದಲಾಲ್ ಸರಾಫ್ ಸಂಸ್ಥೆಯು ಹಿಂದಕ್ಕೆ ಕೇಳಿದಾಗ, ಸರ್ವೋಚ್ಚ ನ್ಯಾಯಾಲಯವು 1958ರಲ್ಲಿ ಈ ಕಲಮನ್ನೇ ಆಧರಿಸಿ ಸಂಸ್ಥೆಯ ಪರವಾಗಿ ತೀರ್ಪಿತ್ತಿತು. ತೆರಿಗೆ ಇಲಾಖೆಯಿಂದ ಹಣ ಮರಳಿ ಕೊಡಿಸಿದ ನಿಯಮವೇ ವ್ಯಾಪಾರಸ್ಥರ ಖಾತೆಗೆ ತಪ್ಪಿ ಬಂದ ಹಣಕ್ಕೂ ಅನ್ವಯಿಸುತ್ತದೆ.

‘ಎಂಟು ತಿಂಗಳಾಯಿತು, ಯಾರೂ ಕೇಳಲಿಲ್ಲ’ ಎಂಬ ವಾದಕ್ಕೆ ಬೆಲೆಯಿಲ್ಲ. ಇಂತಹ ದಾವೆಗೆ ಮೂರು ವರ್ಷಗಳ ಅವಧಿಯಿದ್ದು, 1963ರ ಕಾಲಮಿತಿ ಕಾಯಿದೆಯ 17ನೆಯ ಕಲಮಿನಂತೆ ಆ ಅವಧಿ ಆರಂಭವಾಗುವುದು ತಪ್ಪು ತಿಳಿದುಬಂದ ದಿನದಿಂದ, ಅಥವಾ ಸಾಕಷ್ಟು ಎಚ್ಚರ ವಹಿಸಿದ್ದರೆ ತಿಳಿಯಬಹುದಾಗಿದ್ದ ದಿನದಿಂದ.

ಹಣ ಬಂದು ಬಿದ್ದ ಮಾತ್ರಕ್ಕೆ ಅಪರಾಧವಾಗುವುದಿಲ್ಲ. ತನ್ನದಲ್ಲವೆಂದು ತಿಳಿದ ಮೇಲೂ ಅಪ್ರಾಮಾಣಿಕವಾಗಿ ಬಳಸಿಕೊಂಡಾಗ ಅಪರಾಧದ ಪ್ರಶ್ನೆ ಏಳುತ್ತದೆ. ಭಾರತೀಯ ದಂಡ ಸಂಹಿತೆಯ 403ನೆಯ ಕಲಮಿನಲ್ಲಿ ಇದಕ್ಕೆ ಎರಡು ವರ್ಷಗಳವರೆಗಿನ ಸೆರೆವಾಸ ಅಥವಾ ಜುಲ್ಮಾನೆ ಅಥವಾ ಎರಡೂ ಇದ್ದವು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 314ನೆಯ ಕಲಮು ಇನ್ನೂ ಬಿಗಿಯಾಗಿದೆ: ಕನಿಷ್ಠ ಆರು ತಿಂಗಳು, ಗರಿಷ್ಠ ಎರಡು ವರ್ಷ, ಜೊತೆಗೆ ಜುಲ್ಮಾನೆ.

ಪಾಸ್‌ಬುಕ್ಕಿನಲ್ಲಿ ಬ್ಯಾಂಕೇ ಬರೆದ ಶಿಲ್ಕನ್ನು ನಂಬಿ ಚೆಕ್ಕು ಕೊಟ್ಟವರ ಗತಿಯೇನು ಎಂಬ ಪ್ರಶ್ನೆ ಹಳೆಯದು. ಇಂಗ್ಲೆಂಡಿನ 1909ರ ಹಾಲೆಂಡ್ ಪ್ರಕರಣದಲ್ಲಿ ಹತ್ತು ಪೌಂಡಿಗಿಂತ ಸ್ವಲ್ಪ ಹೆಚ್ಚಿನ ಒಂದು ಜಮೆ ಎರಡು ಬಾರಿ ನಮೂದಾಗಿತ್ತು. ಅದನ್ನು ನಂಬಿದ ವ್ಯಾಪಾರಿಯ ಚೆಕ್ಕನ್ನು ಬ್ಯಾಂಕು ಹಿಂದಿರುಗಿಸಿತು. ನ್ಯಾಯಾಲಯ ವ್ಯಾಪಾರಿಗೆ ಪರಿಹಾರ ಕೊಡಿಸಿತು. ಆದರೆ 1976ರ ಜೀವಾನಿ ಪ್ರಕರಣದಲ್ಲಿ, ಒಮ್ಮೆ ಬಂದ 11,000 ಡಾಲರ್ ಎರಡು ಬಾರಿ ಜಮೆಯಾದಾಗ ಅದನ್ನು ಹೋಟೆಲ್ ಖರೀದಿಗೆ ತೊಡಗಿಸಿದ ಗ್ರಾಹಕರು ಹಣ ಹಿಂದಿರುಗಿಸಬೇಕಾಯಿತು. ಸ್ವಲ್ಪ ವಿಚಾರಿಸಿದ್ದರೆ ತಪ್ಪು ತಿಳಿಯುತ್ತಿತ್ತು, ಹೇಗಿದ್ದರೂ ಹೋಟೆಲನ್ನು ಅವರು ಕೊಳ್ಳುವವರಿದ್ದರು ಎಂಬುದು ಅಲ್ಲಿನ ತರ್ಕ. ಸಣ್ಣ ಮೊತ್ತ, ಶುದ್ಧ ನಂಬಿಕೆ ಇದ್ದಲ್ಲಿ ವಾದಕ್ಕೆ ಎಡೆಯುಂಟು; ಅಪರಿಚಿತರಿಂದ ಬಂದ ಲಕ್ಷಗಳ ವಿಷಯದಲ್ಲಿ ಆ ಭರವಸೆ ಇಟ್ಟುಕೊಳ್ಳುವುದು ಜಾಣತನವಲ್ಲ.

ಕ್ಯಾಶ್ ಕ್ರೆಡಿಟ್ ಖಾತೆಯ ವಿಶೇಷ ತೊಡಕು

ಉಳಿತಾಯ ಖಾತೆಯಲ್ಲಿ ಹೆಚ್ಚುವರಿ ಹಣ ಎದ್ದು ಕಾಣುತ್ತದೆ. ಸಾಲದ ಖಾತೆಯಲ್ಲಿ ಅದು ಸಾಲದೊಳಗೇ ಕರಗಿಹೋಗುತ್ತದೆ. 25 ಲಕ್ಷ ಮಿತಿಯ ಕ್ಯಾಶ್ ಕ್ರೆಡಿಟ್ ಖಾತೆಯಲ್ಲಿ 24 ಲಕ್ಷ ಬಳಕೆಯಾಗಿದೆ ಎನ್ನಿ. 5 ಲಕ್ಷ ತಪ್ಪಿ ಬಂದರೆ ಬಾಕಿ 19 ಲಕ್ಷಕ್ಕಿಳಿದು, ಇನ್ನೂ 6 ಲಕ್ಷ ತೆಗೆಯಬಹುದೆಂದು ತೋರುತ್ತದೆ. ಕೂಲಿ ಬಟವಾಡೆ, ಕಚ್ಚಾಮಾಲು, ವಿದ್ಯುತ್ ಬಿಲ್ಲು ಎಂದು 5 ಲಕ್ಷ ಹೋದ ಮೇಲೆ ಬ್ಯಾಂಕು ತಪ್ಪನ್ನು ಸರಿಪಡಿಸಿದರೆ ಬಾಕಿ 29 ಲಕ್ಷವಾಗುತ್ತದೆ, ಅಂದರೆ ಮಿತಿ ಮೀರಿ 4 ಲಕ್ಷ. ಅಲ್ಲಿಂದಾಚೆಗೆ ಬಂದ ಚೆಕ್ಕುಗಳೆಲ್ಲ ಹಿಂದಿರುಗುವ ಸಂಭವವಿದೆ. ನಡುವಿನ ದಿನಗಳಲ್ಲಿ ಕಡಿಮೆ ಬಿದ್ದ ಬಡ್ಡಿಯನ್ನೂ ಬ್ಯಾಂಕು ಕೇಳಬಹುದು. ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯ 138ನೆಯ ಕಲಮು ಹಣ ಸಾಲದೆ ಹಿಂದಿರುಗಿದ ಚೆಕ್ಕಿಗೆ ಮಾತ್ರವಲ್ಲ, ಬ್ಯಾಂಕಿನೊಡನೆ ಒಪ್ಪಿದ ಮಿತಿ ಮೀರಿ ಹಿಂದಿರುಗಿದ ಚೆಕ್ಕಿಗೂ ಅನ್ವಯಿಸುತ್ತದೆ. ನೋಟೀಸು ತಲುಪಿದ 15 ದಿನಗಳೊಳಗೆ ಹಣ ಕೊಟ್ಟರೆ ಅಪರಾಧವಾಗುವುದಿಲ್ಲವೆಂಬುದೊಂದೇ ಸಮಾಧಾನ. ಆದುದರಿಂದ ಸಾಲದ ಖಾತೆಯುಳ್ಳವರು ತಿಂಗಳ ಕೊನೆಗೆ ತಾಳೆ ನೋಡುವ ಅಭ್ಯಾಸ ಬಿಟ್ಟು, ದಿನನಿತ್ಯವೂ ಜಮೆಗಳನ್ನು ಬಿಲ್ಲುಗಳೊಂದಿಗೆ ಹೊಂದಿಸಿ ನೋಡುವುದು ಒಳಿತು.

ಮೊದಲ ದಿನವೇ ಮಾಡಬೇಕಾದದ್ದು

ಮೊಬೈಲಿಗೆ ಬಂದ ಸಂದೇಶವನ್ನು ನಂಬದೆ ಖಾತೆಯ ವಿವರಪಟ್ಟಿಯನ್ನೇ ತೆಗೆದು ನೋಡಬೇಕು. ‘ಜಮೆಯಾಗಿದೆ’ ಎಂಬ ಸುಳ್ಳು ಸಂದೇಶ ಕಳುಹಿಸಿ, ಬಾರದ ಹಣವನ್ನು ‘ಹಿಂದಿರುಗಿಸಿ’ ಎಂದು ಕೇಳುವವರಿದ್ದಾರೆ. ಹಣ ನಿಜವಾಗಿ ಬಂದಿದ್ದರೆ ಅದೇ ದಿನ ಶಾಖೆಗೆ ಲಿಖಿತ ಪತ್ರ ಕೊಡಬೇಕು. ದಿನಾಂಕ, ಮೊತ್ತ, ವಹಿವಾಟಿನ ಯುಟಿಆರ್ ಸಂಖ್ಯೆ, ಈ ಹಣ ತಮಗೆ ಸೇರಿದ್ದಲ್ಲ, ಬಂದ ಮೂಲಕ್ಕೇ ಹಿಂದಿರುಗಿಸಬೇಕು ಎಂಬಷ್ಟು ಪತ್ರದಲ್ಲಿದ್ದರೆ ಸಾಕು. ಪ್ರತಿಯ ಮೇಲೆ ಶಾಖೆಯ ಮೊಹರು ಪಡೆದು ಇಮೇಲ್ ಮೂಲಕವೂ ಕಳುಹಿಸುವುದು ಕ್ಷೇಮ. ಮ್ಯಾನೇಜರಿಗೆ ಫೋನಿನಲ್ಲಿ ಹೇಳಿದ್ದೇವೆ ಎಂಬುದು, ಆ ಮ್ಯಾನೇಜರು ವರ್ಗವಾದ ಮೇಲೆ, ಏನನ್ನೂ ರುಜುವಾತುಪಡಿಸುವುದಿಲ್ಲ.

ತಪ್ಪು ಬ್ಯಾಂಕಿನದೇ ಆಗಿದ್ದರೆ ಅದು ತಾನಾಗಿ ನಮೂದನ್ನು ಸರಿಪಡಿಸುತ್ತದೆ. ಬೇರೊಬ್ಬರು ಸಂಖ್ಯೆ ತಪ್ಪಿ ಕಳುಹಿಸಿದ್ದಾದರೆ ಸಾಮಾನ್ಯವಾಗಿ ಖಾತೆದಾರರ ಒಪ್ಪಿಗೆ ಕೇಳುತ್ತದೆ. ಒಪ್ಪಿಗೆ ಪತ್ರದಲ್ಲಿ ಮೊತ್ತ ಮತ್ತು ಯುಟಿಆರ್ ಸಂಖ್ಯೆ ಬರೆದಿರಬೇಕು. ಖಾಲಿ ನಮೂನೆಗೆ ಸಹಿ ಹಾಕಬಾರದು. ಬಾಕಿಯಿರುವ ಗಿರಾಕಿಯೇ ಒಂದೇ ಬಿಲ್ಲಿಗೆ ಎರಡು ಬಾರಿ ಕಳುಹಿಸಿದ್ದರೆ ವಿಷಯ ಸ್ವಲ್ಪ ಬೇರೆ. ಯಾವ ಬಾಕಿಗೆಂದು ಹೇಳದೆ ಕೊಟ್ಟ ಹಣವನ್ನು ತನಗೆ ಬರಬೇಕಾದ ಯಾವುದೇ ನ್ಯಾಯವಾದ ಬಾಕಿಗೆ ಹಿಡಿದುಕೊಳ್ಳಲು ಕರಾರು ಕಾಯಿದೆಯ 60ನೆಯ ಕಲಮು ಅವಕಾಶ ಕೊಡುತ್ತದೆ. ಆದರೆ ನಿರ್ದಿಷ್ಟ ಬಿಲ್ಲಿನ ಸಂಖ್ಯೆ ನಮೂದಿಸಿ ಕಳುಹಿಸಿದ್ದು ಆ ವರ್ಗಕ್ಕೆ ಸೇರುವುದಿಲ್ಲ. ಗಿರಾಕಿಯಿಂದ ಪತ್ರ ಪಡೆದು ಮುಂದಿನ ಬಿಲ್ಲಿಗೆ ಹೊಂದಿಸಿಕೊಳ್ಳುವುದು ಎರಡು ನಿಮಿಷದ ಕೆಲಸ. ಹೇಳದೆ ಹೊಂದಿಸಿಕೊಂಡರೆ ಹಳೆಯ ಸಂಬಂಧ ಕೆಡುತ್ತದೆ.

ಫೋನಿನಲ್ಲಿ ಹಣ ಕೇಳುವವರು

‘ನನ್ನ ಹಣ ತಪ್ಪಿ ನಿಮ್ಮ ಖಾತೆಗೆ ಬಂದಿದೆ, ಮಗಳ ಆಸ್ಪತ್ರೆ ಖರ್ಚಿನದು, ದಯವಿಟ್ಟು ಈ ಸಂಖ್ಯೆಗೆ ಹಾಕಿ’ ಎಂಬ ಕರೆ ಬಂದಾಗ ಸಜ್ಜನರೇ ಮೊದಲು ಮೋಸಹೋಗುತ್ತಾರೆ. ಬಂದ ಹಣ ಬೇರೊಬ್ಬರಿಂದ ವಂಚಿಸಿ ಕಸಿದದ್ದಾಗಿರಬಹುದು. ವಂಚಿತರು 1930 ಸಹಾಯವಾಣಿಗೆ ದೂರಿತ್ತೊಡನೆ ಹಣ ಹಾದುಹೋದ ಖಾತೆಗಳನ್ನು ಒಂದೊಂದಾಗಿ ಗುರುತಿಸಿ, ತನಿಖಾಧಿಕಾರಿಗಳ ಕೋರಿಕೆಯ ಮೇರೆಗೆ ಬ್ಯಾಂಕುಗಳು ತಡೆಹಿಡಿಯುತ್ತವೆ. ಬೇರೊಂದು ಖಾತೆಗೆ ಹಣ ಸಾಗಿಸಿದ ಸದ್ಗೃಹಸ್ಥರು ದಾಖಲೆಯಲ್ಲಿ ಕಾಣಿಸುವುದು ವಂಚಕರ ಸರಪಳಿಯ ಒಂದು ಕೊಂಡಿಯಾಗಿ. ವಂಚಿತರಿಗೆ ಆ ಹಣ ಮರಳಿ ಸೇರಬೇಕಾದಾಗ ಅದನ್ನು ಎರಡನೆಯ ಸಲ ಕೈಯಿಂದ ಕೊಡಬೇಕಾದೀತು. ಖಾತೆಯೇ ಪೂರ್ಣ ಸ್ಥಗಿತಗೊಂಡರೆ ಸಣ್ಣ ಕಾರ್ಖಾನೆಯ ವಾರದ ಬಟವಾಡೆ ನಿಂತುಹೋಗುತ್ತದೆ. ವಿವಾದಿತ ಮೊತ್ತಕ್ಕಷ್ಟೇ ತಡೆ ಸೀಮಿತವಾಗಬೇಕೆಂದು ಕೇರಳ ಉಚ್ಚ ನ್ಯಾಯಾಲಯವು 2023ರಲ್ಲಿ ಹೇಳಿದೆಯಾದರೂ ಅಂತಹ ಆದೇಶ ತರಲು ವಕೀಲರೂ ಸಮಯವೂ ಬೇಕು.

ಆದಕಾರಣ ಕರೆ ಮಾಡಿದವರಿಗೆ ಕೊಡಬೇಕಾದ ಉತ್ತರ ಒಂದೇ: ‘ನಿಮ್ಮ ಬ್ಯಾಂಕಿಗೆ ಬರೆದು ಕೊಡಿ, ನಮ್ಮ ಬ್ಯಾಂಕು ಕೇಳಿದೊಡನೆ ಒಪ್ಪಿಗೆ ಕೊಡುತ್ತೇವೆ.’ ನಿಜವಾಗಿ ತಪ್ಪಿ ಕಳುಹಿಸಿದವರಿಗೆ ಇದರಿಂದ ಎರಡು ಮೂರು ದಿನ ತಡವಾಗಬಹುದು, ಹಣ ಹೋಗುವುದಿಲ್ಲ. ನಗದಾಗಿ ಕೊಡುವುದಂತೂ ಸರ್ವಥಾ ಕೂಡದು. ಅಂಗಡಿಯಲ್ಲಿ ಫೋನೆತ್ತುವ ಹುಡುಗರಿಗೂ ಮನೆಯಲ್ಲಿ ಯುಪಿಐ ಬಳಸುವವರಿಗೂ ಈ ಉತ್ತರವನ್ನು ಹೇಳಿಕೊಟ್ಟಿರಬೇಕು.

ಲೆಕ್ಕದ ಪುಸ್ತಕದಲ್ಲಿ ಇಂತಹ ಹಣವನ್ನು ಸಸ್ಪೆನ್ಸ್ ಖಾತೆಯಲ್ಲಿ ತೋರಿಸಬೇಕು. ಮಾರಾಟವೆಂದಾಗಲಿ, ಗಿರಾಕಿಯ ಮುಂಗಡವೆಂದಾಗಲಿ ಬರೆದರೆ ಜಿಎಸ್‌ಟಿ ಲೆಕ್ಕದಲ್ಲಿ ಇಲ್ಲದ ತೊಡಕು ಹುಟ್ಟುತ್ತದೆ; ಸೇವೆ ಒದಗಿಸುವವರಿಗೆ ಮುಂಗಡದ ಮೇಲೂ ತೆರಿಗೆ ಬೀಳುವುದುಂಟು. ವಿವರಣೆಯಿಲ್ಲದ ಜಮೆಯನ್ನು ಆದಾಯವೆಂದೇ ಪರಿಗಣಿಸಲು ಆದಾಯ ತೆರಿಗೆ ಕಾನೂನಿನಲ್ಲಿ ಅವಕಾಶವಿದೆ. ಹಣ ಹಿಂದಿರುಗಿದ ದಿನ ಸಸ್ಪೆನ್ಸ್ ನಮೂದನ್ನು ಮುಚ್ಚಿ, ಮೊಹರು ಬಿದ್ದ ಪತ್ರದ ಪ್ರತಿ, ಬ್ಯಾಂಕಿನ ಉತ್ತರ, ಮರಳಿದ ವಹಿವಾಟಿನ ಸಂಖ್ಯೆ ಮೂರನ್ನೂ ಆ ವರ್ಷದ ಕಡತದಲ್ಲಿ ಸೇರಿಸಿಡಬೇಕು. ಬ್ಯಾಂಕು ಪತ್ರಕ್ಕೆ 30 ದಿನಗಳಲ್ಲಿ ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಸಲ್ಲಿಸುವಾಗಲೂ ಮೊದಲು ಬೇಕಾಗುವುದು ಆ ಮೊಹರಿನ ಪ್ರತಿಯೇ.